ಉಪ್ಪಿನ ಹಿಂದೆ ನೀರು: ಪ್ರಾಣಿಗಳ ದೇಹದಲ್ಲಿ ಜಲಸಮತೋಲನ

ಸಮುದ್ರದಲ್ಲಿ ಈಜುವ ಮೀನಿಗೂ ನೀರಿನ ಕೊರತೆ ಇರುತ್ತದೆ ಎಂದರೆ ಮೊದಲಿಗೆ ವಿಚಿತ್ರವೆನ್ನಿಸುತ್ತದೆ. ಆದರೆ ಆ ಮೀನಿನ ರಕ್ತ ಸಮುದ್ರಕ್ಕಿಂತ ಎಷ್ಟೋ ಸಪ್ಪೆಯಾಗಿರುವುದರಿಂದ ಅದರ ಮೈಯ ನೀರು ಕಿವಿರುಗಳ ಮೂಲಕ ಹಗಲೂ ರಾತ್ರಿ ಹೊರಗೆ ಜಿನುಗುತ್ತಿರುತ್ತದೆ, ಹೀಗೆ ಕಳೆದುಕೊಂಡಿದ್ದನ್ನು ತುಂಬಿಕೊಳ್ಳಲು ಅದು ಉಪ್ಪುನೀರನ್ನೇ ಕುಡಿಯುತ್ತಿರಬೇಕಾಗುತ್ತದೆ. ಹೊಳೆಯ ಮೀನಿನ ಕಷ್ಟ ಇದಕ್ಕೆ ತದ್ವಿರುದ್ಧವಾದದ್ದು. ಅದು ಕುಡಿಯದೆ ಇದ್ದರೂ ನೀರು ತಾನಾಗಿ ಒಳನುಗ್ಗುತ್ತದೆ, ನುಗ್ಗಿದ್ದನ್ನು ಹೊರಹಾಕುವುದಕ್ಕೆ ಅದರ ಮೂತ್ರಪಿಂಡಗಳು ಬಿಡುವಿಲ್ಲದೆ ದುಡಿಯುತ್ತವೆ. ನೆಲದ ಮೇಲಿನ ಪ್ರಾಣಿಗಳಿಗಂತೂ ಉಸಿರು, ಚರ್ಮ, ಮೂತ್ರ, ಮಲ ಎಂಬ ನಾಲ್ಕು ದಾರಿಗಳಲ್ಲಿ ನೀರು ನಷ್ಟವಾಗುತ್ತಲೇ ಇರುತ್ತದೆ.

ಇಷ್ಟೊಂದು ಬೇರೆ ಬೇರೆ ಪರಿಸ್ಥಿತಿಗಳಲ್ಲಿ ಬದುಕುವ ಪ್ರಾಣಿಗಳು ಮೈಯೊಳಗಿನ ನೀರನ್ನು ಒಂದು ಹದದಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂಬುದನ್ನು ಅರಿಯಬೇಕಾದರೆ ಒಂದು ಸಂಗತಿಯನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನೀರಿನ ಅಣುವನ್ನೇ ಹಿಡಿದು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳುವ ಪಂಪು ಯಾವ ಪ್ರಾಣಿಯ ಜೀವಕೋಶದಲ್ಲೂ ಕಂಡುಬಂದಿಲ್ಲ. ಶಕ್ತಿ ವ್ಯಯಿಸಿ ಜೀವಕೋಶಗಳು ಸಾಗಿಸುವುದು ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್‌ನಂತಹ ಲವಣಾಂಶಗಳನ್ನು ಮತ್ತು ಕೆಲವು ಸಣ್ಣ ಅಣುಗಳನ್ನು ಮಾತ್ರ. ನೀರು ಅವುಗಳ ಬೆನ್ನು ಹಿಡಿದು ತಾನೇ ಹೋಗುತ್ತದೆ. ಆದ್ದರಿಂದ ಜಲಸಮತೋಲನ ಎಂದು ನಾವು ಕರೆಯುವುದು ಬಹುಮಟ್ಟಿಗೆ ಲವಣಗಳ ನಿರ್ವಹಣೆಯೇ ಆಗಿದೆ. ಮೀನಿನ ಕಿವಿರಿನಿಂದ ಹಿಡಿದು ಮನುಷ್ಯನ ಮೂತ್ರಪಿಂಡದವರೆಗೆ ಮುಂದೆ ಬರುವ ಎಲ್ಲ ಉದಾಹರಣೆಗಳನ್ನೂ ಈ ಒಂದು ಎಳೆಯನ್ನು ಹಿಡಿದುಕೊಂಡೇ ನೋಡಬಹುದು.

ಜೀವಕೋಶದ ಪೊರೆ ನೀರನ್ನು ದಾಟಲು ಬಿಡುತ್ತದೆ, ಕರಗಿದ ಲವಣಗಳನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಇಂತಹ ಪೊರೆಯ ಎರಡು ಬದಿಗಳಲ್ಲಿ ಕರಗಿದ ಕಣಗಳ ಪ್ರಮಾಣ ಬೇರೆಬೇರೆಯಾಗಿದ್ದಾಗ, ಕಣಗಳು ಕಡಿಮೆ ಇರುವ ಬದಿಯಿಂದ ಹೆಚ್ಚು ಇರುವ ಬದಿಗೆ ನೀರು ಹರಿಯುತ್ತದೆ, ಇದೇ ಅಭಿಸರಣೆ. ದ್ರವವೊಂದರಲ್ಲಿ ಒಟ್ಟು ಎಷ್ಟು ಕಣಗಳು ಕರಗಿವೆ ಎಂಬುದನ್ನು ಮಿಲಿಆಸ್ಮೋಲ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಮನುಷ್ಯನ ರಕ್ತದ್ರವದಲ್ಲಿ ಇದು ಲೀಟರಿಗೆ ಸುಮಾರು 300, ಸಮುದ್ರದ ನೀರಿನಲ್ಲಿ ಸುಮಾರು 1000, ಹೊಳೆಯ ನೀರಿನಲ್ಲಿ ಸಾಮಾನ್ಯವಾಗಿ 10ರ ಆಸುಪಾಸಿನಲ್ಲೋ ಅದಕ್ಕಿಂತ ಕಡಿಮೆಯೋ ಇರುತ್ತದೆ. ಈ ಮೂರು ಸಂಖ್ಯೆಗಳು ನೆನಪಿನಲ್ಲಿದ್ದರೆ ಮುಂದಿನ ಅರ್ಧದಷ್ಟು ವಿಷಯ ತಾನಾಗಿ ಅರ್ಥವಾಗುತ್ತದೆ.

ಸಸ್ಯಕೋಶಗಳಿಗೆ ಗಟ್ಟಿಯಾದ ಹೊರಗೋಡೆ ಇರುವುದರಿಂದ ಒಳಗೆ ನೀರು ನುಗ್ಗಿದರೂ ಅವು ಬಿರಿಯುವುದಿಲ್ಲ. ಪ್ರಾಣಿಕೋಶಕ್ಕೆ ಆ ರಕ್ಷಣೆ ಇಲ್ಲ. ಕೆಂಪು ರಕ್ತಕಣವನ್ನು ಶುದ್ಧ ನೀರಿಗೆ ಹಾಕಿದರೆ ಅದು ಉಬ್ಬಿ ಒಡೆಯುತ್ತದೆ, ಗಟ್ಟಿಯಾದ ಉಪ್ಪುನೀರಿಗೆ ಹಾಕಿದರೆ ಸುಕ್ಕುಗಟ್ಟುತ್ತದೆ. ಸಿಹಿನೀರಿನಲ್ಲಿ ಬದುಕುವ ಪ್ಯಾರಮೀಸಿಯಂನಂತಹ ಏಕಕೋಶ ಜೀವಿಗಳಿಗೆ ಗೋಡೆಯೂ ಇಲ್ಲ, ಮೂತ್ರಪಿಂಡವೂ ಇಲ್ಲ. ಅವುಗಳೊಳಗೆ ಸಂಕೋಚನಶೀಲ ರಸದಾನಿ ಎಂಬ ಗುಳ್ಳೆಯೊಂದು ಒಳಬಂದ ನೀರನ್ನು ಸಂಗ್ರಹಿಸಿಕೊಂಡು ಊದಿಕೊಳ್ಳುತ್ತದೆ, ತುಂಬಿದೊಡನೆ ಕುಗ್ಗಿ ಹೊರಕ್ಕೆ ಚಿಮ್ಮಿಸುತ್ತದೆ. ಸಾಧಾರಣ ಸೂಕ್ಷ್ಮದರ್ಶಕದಲ್ಲಿಯೇ ಇದು ಮತ್ತೆ ಮತ್ತೆ ತುಂಬಿ ಖಾಲಿಯಾಗುವುದನ್ನು ನೋಡಬಹುದು. ಸುತ್ತಲಿನ ನೀರಿಗೆ ಸ್ವಲ್ಪ ಉಪ್ಪು ಬೆರೆಸಿದರೆ ನುಗ್ಗುವ ನೀರು ಕಡಿಮೆಯಾಗಿ ಈ ಮಿಡಿತವೂ ನಿಧಾನವಾಗುತ್ತದೆ.

ಪೊರೆಯ ಕೊಬ್ಬಿನ ಪದರದ ಮೂಲಕ ನೀರು ನುಸುಳುವುದು ನಿಧಾನ. ಆದರೂ ಕೆಲವು ಜೀವಕೋಶಗಳಲ್ಲಿ ಅದು ಬೆರಗಾಗುವಷ್ಟು ವೇಗವಾಗಿ ಹರಿಯುವುದಕ್ಕೆ ಕಾರಣವೇನು ಎಂಬುದು ಬಹುಕಾಲ ಒಗಟಾಗಿಯೇ ಇತ್ತು. 1992ರಲ್ಲಿ ಅಮೆರಿಕದ ಪೀಟರ್ ಆಗ್ರೆ ಮತ್ತು ಸಂಗಡಿಗರು ಕೆಂಪು ರಕ್ತಕಣಗಳ ಪೊರೆಯಲ್ಲಿದ್ದ ಒಂದು ಪ್ರೋಟೀನು ನೀರಿನ ಕಾಲುವೆಯಾಗಿ ಕೆಲಸ ಮಾಡುತ್ತದೆ ಎಂದು ತೋರಿಸಿಕೊಟ್ಟರು. ಆಕ್ವಾಪೋರಿನ್ ಎಂಬ ಹೆಸರು ಪಡೆದ ಈ ಪ್ರೋಟೀನುಗಳ ಶೋಧಕ್ಕಾಗಿ ಆಗ್ರೆ ಅವರಿಗೆ 2003ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಒಂದೇ ಒಂದು ಆಕ್ವಾಪೋರಿನ್ ಮೂಲಕ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ದಾಟಬಲ್ಲವು. ಆದರೂ ಅದು ಪಂಪಲ್ಲ, ಬಾಗಿಲು ಮಾತ್ರ. ಯಾವ ಕಡೆಗೆ ಹರಿಯಬೇಕೆಂಬುದನ್ನು ತೀರ್ಮಾನಿಸುವುದು ಎರಡೂ ಬದಿಯ ಲವಣಗಳೇ.

ಸಮುದ್ರದ ಅನೇಕ ಅಕಶೇರುಕಗಳು ಈ ಗೊಡವೆಗೇ ಹೋಗುವುದಿಲ್ಲ. ನಕ್ಷತ್ರಮೀನಿನ ದೇಹದ್ರವ ಸಮುದ್ರದ ನೀರಿನಷ್ಟೇ ಉಪ್ಪಾಗಿರುವುದರಿಂದ ನೀರಿಗೆ ಒಳಬರಲೂ ಹೊರಹೋಗಲೂ ಕಾರಣವಿರುವುದಿಲ್ಲ. ಕಶೇರುಕಗಳಲ್ಲಿ ಹ್ಯಾಗ್‌ಫಿಶ್ ಎಂಬ ದವಡೆಯಿಲ್ಲದ ಮೀನೊಂದೇ ಈ ದಾರಿಯಲ್ಲಿದೆ. ಬದುಕುವ ನೀರಿನ ಉಪ್ಪಿನಂಶ ಸ್ಥಿರವಾಗಿರುವವರೆಗೆ ಇದು ಖರ್ಚಿಲ್ಲದ ಜೀವನ, ಆದರೆ ನದಿ ಸಮುದ್ರ ಸೇರುವ ಅಳಿವೆಗೆ ಬಂದರೆ ನಕ್ಷತ್ರಮೀನಿಗೆ ಉಳಿಗಾಲವಿರುವುದು ಅಪರೂಪ.

ಮೂಳೆಮೀನುಗಳು ಆಯ್ದುಕೊಂಡಿರುವುದು ದುಬಾರಿಯಾದ ದಾರಿ. ಹೊಳೆಯಲ್ಲಿರಲಿ ಕಡಲಿನಲ್ಲಿರಲಿ, ಅವುಗಳ ರಕ್ತ 300ರಿಂದ 400 ಮಿಲಿಆಸ್ಮೋಲ್‌ಗಳ ಆಸುಪಾಸಿನಲ್ಲೇ ಇರುತ್ತದೆ. ಸಿಹಿನೀರಿನ ಮೀನು ನೀರನ್ನು ಹೆಚ್ಚುಕಡಿಮೆ ಕುಡಿಯುವುದೇ ಇಲ್ಲ. ಕಿವಿರಿನಿಂದ ಒಳನುಗ್ಗಿದ್ದನ್ನು ತೀರ ತೆಳುವಾದ ಮೂತ್ರವಾಗಿ ಹೊರಬಿಡುತ್ತದೆ. ಗೋಲ್ಡ್‌ಫಿಶ್ ಒಂದು ದಿನದಲ್ಲಿ ತನ್ನ ದೇಹತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ಮೂತ್ರ ವಿಸರ್ಜಿಸಬಲ್ಲದು. ಎಷ್ಟೇ ತೆಳುವಾಗಿದ್ದರೂ ಇಷ್ಟು ಮೂತ್ರದ ಜೊತೆಗೆ ಒಂದಿಷ್ಟು ಲವಣವೂ ಹೋಗುತ್ತದೆ, ಆ ನಷ್ಟವನ್ನು ಆಹಾರದಿಂದ ಮತ್ತು ಕಿವಿರಿನ ವಿಶೇಷ ಕೋಶಗಳ ಮೂಲಕ ಹೊಳೆನೀರಿನಲ್ಲಿರುವ ಅತ್ಯಲ್ಪ ಸೋಡಿಯಂ, ಕ್ಲೋರೈಡ್‌ಗಳನ್ನು ಹೀರಿಕೊಂಡು ಮೀನು ಭರ್ತಿಮಾಡಿಕೊಳ್ಳುತ್ತದೆ.

ಸಮುದ್ರದ ಮೀನು ಉಪ್ಪುನೀರನ್ನು ಕುಡಿಯುತ್ತದೆ ಎಂಬುದನ್ನು ಅಮೆರಿಕದ ಶರೀರಶಾಸ್ತ್ರಜ್ಞ ಹೋಮರ್ ಸ್ಮಿತ್ 1930ರಲ್ಲಿ ತೋರಿಸಿದರು. ಆ ನೀರಿನಿಂದ ಅದಕ್ಕೆ ಲಾಭವಾಗುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅನ್ನನಾಳದಲ್ಲಿಯೇ ಒಂದಷ್ಟು ಉಪ್ಪು ರಕ್ತಕ್ಕೆ ಇಳಿದು ನೀರು ಸಪ್ಪೆಯಾಗುತ್ತದೆ. ಕರುಳಿನ ಕೋಶಗಳು ಇನ್ನಷ್ಟು ಉಪ್ಪನ್ನು ಒಳಕ್ಕೆ ಎಳೆದುಕೊಳ್ಳುತ್ತವೆ, ಅದರ ಹಿಂದೆ ನೀರೂ ಬರುತ್ತದೆ. ಬೇಡದ ಉಪ್ಪನ್ನು ಮೈತುಂಬ ತುಂಬಿಕೊಂಡು ಬೇಕಾದ ನೀರನ್ನು ಪಡೆಯುವ ಈ ಕ್ರಮ ತಲೆಕೆಳಗಾದಂತೆ ಕಂಡರೂ ನೀರಿಗೆ ಪಂಪಿಲ್ಲದ ಮೇಲೆ ಬೇರೆ ದಾರಿಯೂ ಇಲ್ಲ. ಇನ್ನುಳಿದಿದ್ದು ಉಪ್ಪಿನ ವಿಲೇವಾರಿ. 1931ರಲ್ಲಿ ಆನ್ಸೆಲ್ ಕೀಸ್ ಹಾವುಮೀನಿನ ಕಿವಿರನ್ನು ಪ್ರತ್ಯೇಕಿಸಿ ನಡೆಸಿದ ಪ್ರಯೋಗಗಳಲ್ಲಿ ಕಿವಿರೇ ಕ್ಲೋರೈಡನ್ನು ಹೊರಹಾಕುತ್ತದೆ ಎಂಬುದು ಖಚಿತವಾಯಿತು. ಆ ಕೆಲಸ ಮಾಡುವ ಕೋಶಗಳ ರಕ್ತದ ಕಡೆಯ ಪೊರೆಯಲ್ಲಿ ಸೋಡಿಯಂ-ಪೊಟ್ಯಾಸಿಯಂ ಪಂಪು ಎಡೆಬಿಡದೆ ಸೋಡಿಯಂ ಅನ್ನು ಕೋಶದಿಂದ ಆಚೆ ತಳ್ಳುತ್ತಿರುತ್ತದೆ. ಹೀಗೆ ಕೋಶದೊಳಗೆ ಸೋಡಿಯಂ ಕಡಿಮೆಯಾದಾಗ ಅದೇ ಪೊರೆಯಲ್ಲಿರುವ ಇನ್ನೊಂದು ಸಾಗಣೆ ಪ್ರೋಟೀನಿನ ಮೂಲಕ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಮೂರೂ ಒಟ್ಟಾಗಿ ಒಳಬರುತ್ತವೆ. ಒಳಗೆ ರಾಶಿಬಿದ್ದ ಕ್ಲೋರೈಡ್ ಎದುರು ಬದಿಯ ರಂಧ್ರದಿಂದ ಕಡಲಿಗೆ ಹೊರಟುಹೋಗುತ್ತದೆ, ಅದರ ಋಣವಿದ್ಯುದಂಶದ ಸೆಳೆತಕ್ಕೆ ಸೋಡಿಯಂ ಕೋಶಗಳ ನಡುವಿನ ಸಂದಿಯಿಂದ ಹಿಂಬಾಲಿಸುತ್ತದೆ. ಮೆಗ್ನೀಸಿಯಂ, ಸಲ್ಫೇಟ್‌ಗಳಂತಹವನ್ನು ಮಾತ್ರ ಮೂತ್ರಪಿಂಡ ನೋಡಿಕೊಳ್ಳುತ್ತದೆ, ಅದೂ ಅತಿ ಕಡಿಮೆ ಮೂತ್ರದಲ್ಲಿ. ಟೋಡ್‌ಫಿಶ್‌ನಂತಹ ಕೆಲವು ಕಡಲಮೀನುಗಳ ಮೂತ್ರಪಿಂಡಗಳಲ್ಲಿ ರಕ್ತವನ್ನು ಸೋಸುವ ಗುಚ್ಛಗಳೇ ಇಲ್ಲವಾಗಿವೆ.

ಈ ಜೋಡಣೆಯನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಗುರುತಿಸಿದ, 1997ರಲ್ಲಿ ಅವರಿಗೆ ನೊಬೆಲ್ ತಂದುಕೊಟ್ಟ ಆ ಸೋಡಿಯಂ-ಪೊಟ್ಯಾಸಿಯಂ ಪಂಪು ಮತ್ತು ಅದರ ಜೊತೆಗಾರ ಪ್ರೋಟೀನು ಶಾರ್ಕಿನ ಗುದಗ್ರಂಥಿಯಲ್ಲಿ, ಕಡಲಹಕ್ಕಿಯ ಉಪ್ಪಿನ ಗ್ರಂಥಿಯಲ್ಲಿ, ಕೊನೆಗೆ ನಮ್ಮ ಮೂತ್ರಪಿಂಡದಲ್ಲಿಯೂ ಮತ್ತೆ ಮತ್ತೆ ಎದುರಾಗುತ್ತವೆ. ಅಂಗಗಳು ಬೇರೆ, ಬಳಸುವ ಬಿಡಿಭಾಗಗಳು ಬಹುತೇಕ ಅವೇ.

ಹೊಳೆಯಲ್ಲಿ ಹುಟ್ಟಿ ಕಡಲಿನಲ್ಲಿ ಬೆಳೆದು ಮೊಟ್ಟೆಯಿಡಲು ಮತ್ತೆ ಹೊಳೆಗೆ ಮರಳುವ ಸಾಲ್ಮನ್ ಮೀನು ಈ ಎರಡೂ ವ್ಯವಸ್ಥೆಗಳನ್ನು ಒಂದೇ ಜೀವಮಾನದಲ್ಲಿ ನಡೆಸುತ್ತದೆ. ಕಡಲಿಗೆ ಇಳಿಯುವ ಮುನ್ನವೇ ಕಾರ್ಟಿಸಾಲ್ ಮತ್ತು ಬೆಳವಣಿಗೆಯ ಹಾರ್ಮೋನುಗಳ ಪ್ರಭಾವದಿಂದ ಅದರ ಕಿವಿರಿನಲ್ಲಿ ಉಪ್ಪು ಹೊರಹಾಕುವ ಕೋಶಗಳು ಬೆಳೆಯುತ್ತವೆ. ಸಿಹಿನೀರಿನ ಬದುಕಿಗೆ ಒಗ್ಗಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್. ಸಸ್ತನಿಗಳಲ್ಲಿ ಹಾಲುತುಂಬಿಸುವ ಹಾರ್ಮೋನು ಮೀನುಗಳಲ್ಲಿ ಉಪ್ಪು ಕಾಯುವ ಕೆಲಸ ಮಾಡುತ್ತದೆ.

ಶಾರ್ಕ್ ಮತ್ತು ತೊರಕೆಮೀನುಗಳ ಉಪಾಯ ಇನ್ನೂ ಜಾಣತನದ್ದು. ಇವುಗಳ ರಕ್ತದಲ್ಲಿ ಉಪ್ಪು ಸಮುದ್ರಕ್ಕಿಂತ ಕಡಿಮೆಯೇ ಇದ್ದರೂ ಒಟ್ಟು ಕರಗಿದ ಕಣಗಳ ಲೆಕ್ಕ ಸಮುದ್ರಕ್ಕಿಂತ ತುಸು ಹೆಚ್ಚಾಗಿರುತ್ತದೆ, ಆ ಅಂತರವನ್ನು ತುಂಬುವುದು ಯೂರಿಯಾ. ಬೇರೆ ಪ್ರಾಣಿಗಳು ಕಸವೆಂದು ಹೊರಹಾಕುವ ಯೂರಿಯಾವನ್ನು ಇವು ಮನುಷ್ಯನ ರಕ್ತದಲ್ಲಿರುವುದಕ್ಕಿಂತ ಹಲವು ಹತ್ತು ಪಟ್ಟು ಹೆಚ್ಚಾಗಿ ಉಳಿಸಿಕೊಳ್ಳುತ್ತವೆ. ಅಷ್ಟು ಯೂರಿಯಾ ಪ್ರೋಟೀನುಗಳ ರಚನೆಯನ್ನು ಕೆಡಿಸಬೇಕು. ಕೆಡಿಸದಂತೆ ಟ್ರೈಮಿಥೈಲ್‌ಅಮೀನ್ ಆಕ್ಸೈಡ್ ಎಂಬ ಇನ್ನೊಂದು ವಸ್ತು ಸರಿಸುಮಾರು ಎರಡಕ್ಕೆ ಒಂದರ ಪ್ರಮಾಣದಲ್ಲಿ ಜೊತೆಗಿದ್ದು ಕಾಪಾಡುತ್ತದೆ. ಹೀಗಾಗಿ ಶಾರ್ಕಿಗೆ ಸಮುದ್ರದಿಂದ ನೀರು ಮೆಲ್ಲಗೆ ಒಳಬರುತ್ತದೆಯೇ ಹೊರತು ಹೊರಹೋಗುವುದಿಲ್ಲ, ಅದು ಸಮುದ್ರದ ನೀರನ್ನು ಕುಡಿದು ದಾಹ ತೀರಿಸಿಕೊಳ್ಳಬೇಕಾಗಿಲ್ಲ. ನುಸುಳಿ ಬರುವ ಉಪ್ಪನ್ನು ಕರುಳಿನ ಕೊನೆಯಲ್ಲಿರುವ ಗುದಗ್ರಂಥಿ ಸಾಂದ್ರವಾದ ದ್ರಾವಣವಾಗಿ ಹೊರಬಿಡುತ್ತದೆ. ನದಿಗಳಲ್ಲಿ ಬಹುದೂರ ಈಜಿಹೋಗುವ ಬುಲ್ ಶಾರ್ಕ್ ಸಿಹಿನೀರಿಗೆ ಬಂದಾಗ ರಕ್ತದ ಯೂರಿಯಾವನ್ನು ಸಾಕಷ್ಟು ಇಳಿಸಿಕೊಳ್ಳುತ್ತದೆ.

ಯೂರಿಯಾದ ಮಾತು ಬಂದಿರುವುದರಿಂದ ಸಾರಜನಕದ ಕಸವನ್ನು ಇಲ್ಲಿಯೇ ವಿಚಾರಿಸಿಬಿಡಬಹುದು. ಪ್ರೋಟೀನು ಜೀರ್ಣವಾಗಿ ಬಳಕೆಯಾದಾಗ ಅಮೋನಿಯಾ ಉಳಿಯುತ್ತದೆ. ಅದು ವಿಷವಾದ್ದರಿಂದ ಬಹಳ ತೆಳುವಾಗಿಸಿಯೇ ಹೊರಹಾಕಬೇಕು. ಒಂದು ಗ್ರಾಂ ಸಾರಜನಕವನ್ನು ಅಮೋನಿಯಾದ ರೂಪದಲ್ಲಿ ಕಳೆಯಲು ಸುಮಾರು 500 ಮಿಲಿಲೀಟರ್ ನೀರು ಬೇಕಾದರೆ, ಯೂರಿಯಾ ರೂಪದಲ್ಲಿ ಸುಮಾರು 50, ಯೂರಿಕ್ ಆಮ್ಲದ ರೂಪದಲ್ಲಿ ಸುಮಾರು 10 ಸಾಕು. ಮೀನುಗಳ ಸುತ್ತಲೂ ನೀರೇ ಇರುವ ಕಾರಣ ಅಮೋನಿಯಾ ಕಿವಿರಿನಿಂದಲೇ ಅದರೊಳಕ್ಕೆ ಹೊರಟುಹೋಗುತ್ತದೆ. ಸಸ್ತನಿಗಳು ಯಕೃತ್ತಿನಲ್ಲಿ ಶಕ್ತಿ ವ್ಯಯಿಸಿ ಅದನ್ನು ಯೂರಿಯಾ ಮಾಡುತ್ತವೆ. ಹಕ್ಕಿಗಳು, ಬಹಳಷ್ಟು ಸರೀಸೃಪಗಳು ಮತ್ತು ಕೀಟಗಳು ಇನ್ನೂ ಹೆಚ್ಚಿನ ಶಕ್ತಿ ಕೊಟ್ಟು ಯೂರಿಕ್ ಆಮ್ಲವಾಗಿಸುತ್ತವೆ. ಅದು ನೀರಿನಲ್ಲಿ ಕರಗದ ಬಿಳಿ ಹಿಟ್ಟಾಗಿ ಬೇರ್ಪಡುವುದರಿಂದ ಅಭಿಸರಣೆಯ ಲೆಕ್ಕಕ್ಕೆ ಬರುವುದಿಲ್ಲ, ನೀರನ್ನು ಹಿಡಿದಿಟ್ಟುಕೊಳ್ಳುವುದೂ ಇಲ್ಲ. ಹಕ್ಕಿಯ ಹಿಕ್ಕೆಯಲ್ಲಿ ಕಾಣುವ ಬಿಳಿಯ ಭಾಗ ಇದೇ.

ಸಸ್ತನಿಗಳ ಮೂತ್ರಪಿಂಡ ಮಾಡುವ ಕೆಲಸವನ್ನು ಮೊದಲ ಬಾರಿ ಓದಿದವರಿಗೆ ಅದು ವ್ಯರ್ಥ ದುಡಿಮೆಯೆನ್ನಿಸಬಹುದು. ಮನುಷ್ಯನ ಒಂದೊಂದು ಮೂತ್ರಪಿಂಡದಲ್ಲೂ ನೆಫ್ರಾನ್ ಎಂಬ, ರಕ್ತ ಸೋಸುವ ಸಣ್ಣ ನಳಿಕೆಗಳು ಸುಮಾರು 10 ಲಕ್ಷ ಇವೆ. ಅವೆಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ದೇಹದಲ್ಲಿರುವ ರಕ್ತದ್ರವ ಸುಮಾರು ಮೂರು ಲೀಟರ್ ಮಾತ್ರ ಎಂಬುದನ್ನು ನೆನೆದರೆ, ಅದು ದಿನಕ್ಕೆ ಅರವತ್ತು ಬಾರಿ ಸೋಸಿಹೋಗುತ್ತದೆ ಎಂದಾಯಿತು. ಇದರಲ್ಲಿ ಮೂತ್ರವಾಗಿ ಹೊರಬರುವುದು ಒಂದೆರಡು ಲೀಟರ್ ಮಾತ್ರ, ಉಳಿದದ್ದೆಲ್ಲ ಮರಳಿ ರಕ್ತ ಸೇರುತ್ತದೆ. ಎಲ್ಲವನ್ನೂ ಹೊರಗೆಳೆದು ಬೇಕಾದದ್ದನ್ನು ಮಾತ್ರ ಮರಳಿ ತೆಗೆದುಕೊಳ್ಳುವ ಈ ಪದ್ಧತಿಯ ಹೆಚ್ಚುಗಾರಿಕೆಯೆಂದರೆ, ಹಿಂದೆಂದೂ ಎದುರಾಗದ ಅಪರಿಚಿತ ವಸ್ತುವನ್ನೂ ಗುರುತಿಸದೆಯೇ ಹೊರಹಾಕಬಹುದು. ನೆಫ್ರಾನಿನ ಮೊದಲ ಭಾಗದಲ್ಲಿಯೇ ಸೋಡಿಯಂ ಅನ್ನು ರಕ್ತದ ಕಡೆಗೆ ಸಾಗಿಸಲಾಗುತ್ತದೆ, ಅದರ ಹಿಂದೆ ಸೋಸಿದ ನೀರಿನ ಮೂರನೆಯ ಎರಡು ಭಾಗ ಹಿಂದಿರುಗುತ್ತದೆ. ಇಲ್ಲಿಯವರೆಗೆ ನೀರು ಉಪ್ಪು ಎರಡೂ ಒಂದೇ ಹದದಲ್ಲಿ ಮರಳುವುದರಿಂದ ಉಳಿದ ದ್ರವದ ಸಾಂದ್ರತೆ ರಕ್ತದಷ್ಟೇ, ಅಂದರೆ 300 ಆಗಿಯೇ ಇರುತ್ತದೆ.

ರಕ್ತಕ್ಕಿಂತ ಸಾಂದ್ರವಾದ ಮೂತ್ರವನ್ನು ತಯಾರಿಸುವುದು ಕಷ್ಟದ ಕೆಲಸ, ಕಾರಣ ನೀರನ್ನು ನೇರವಾಗಿ ಹೀರಿ ತೆಗೆಯುವ ಸಾಧನವಿಲ್ಲ. ಮೂತ್ರ ಹರಿಯುವ ನಳಿಕೆಯ ಹೊರಗೆ ಮೂತ್ರಕ್ಕಿಂತ ಉಪ್ಪಾದ ವಾತಾವರಣ ನಿರ್ಮಿಸಿದರೆ ಮಾತ್ರ ನೀರು ತಾನಾಗಿ ಹೊರಬಂದೀತು. ಆ ವಾತಾವರಣವನ್ನು ನಿರ್ಮಿಸುವುದು ಹೆನ್ಲೆಯ ಕುಣಿಕೆ. ಮೂತ್ರಪಿಂಡದ ಆಳಕ್ಕೆ ಇಳಿದು, ತಿರುಗಿ, ಮೇಲೇರಿ ಬರುವ ಈ ಸಪೂರ ನಳಿಕೆಯನ್ನು ಜರ್ಮನಿಯ ಯಾಕೋಬ್ ಹೆನ್ಲೆ 1862ರಲ್ಲಿ ವರ್ಣಿಸಿದ್ದರೂ ಅದರ ಉದ್ದೇಶ ತಿಳಿಯಲು ಇನ್ನೂ ಎಂಬತ್ತು ತೊಂಬತ್ತು ವರ್ಷ ಬೇಕಾಯಿತು. 1940 ಮತ್ತು 50ರ ದಶಕಗಳಲ್ಲಿ ಸ್ವಿಟ್ಜರ್ಲೆಂಡಿನ ವೆರ್ನರ್ ಕೂನ್ ಮತ್ತು ಸಂಗಡಿಗರು ಅದನ್ನು ಬಿಡಿಸಿ ಹೇಳಿದರು.

ಅವರು ಕಂಡುಕೊಂಡದ್ದು ಹೀಗಿದೆ. ಕುಣಿಕೆಯ ಏರುಭಾಗ ಉಪ್ಪನ್ನು ಹೊರಕ್ಕೆ ಸಾಗಿಸುತ್ತದೆ, ಆದರೆ ಅದರ ಗೋಡೆಯಲ್ಲಿ ನೀರಿಗೆ ದಾರಿಯಿಲ್ಲ. ಇಳಿಭಾಗ ಇದಕ್ಕೆ ವಿರುದ್ಧ, ಅಲ್ಲಿ ನೀರಿಗೆ ದಾರಿ ಧಾರಾಳವಾಗಿದೆ. ಏರುಭಾಗ ಹೊರಹಾಕಿದ ಉಪ್ಪು ಪಕ್ಕದಲ್ಲಿಯೇ ಇರುವ ಇಳಿಭಾಗದ ಸುತ್ತ ಸೇರಿ ಅದರೊಳಗಿನ ನೀರನ್ನು ಸೆಳೆಯುವುದರಿಂದ ಕೆಳಗಿಳಿಯುವ ದ್ರವ ಸಾಂದ್ರವಾಗುತ್ತಾ ತಿರುವನ್ನು ತಲುಪುತ್ತದೆ. ಅದೇ ಸಾಂದ್ರವಾದ ದ್ರವ ತಿರುಗಿ ಏರುಭಾಗಕ್ಕೆ ಬರುವುದರಿಂದ ಅಲ್ಲಿನ ಕೋಶಗಳಿಗೆ ಈಗ ಹೊರಹಾಕಲು ಮೊದಲಿಗಿಂತ ಹೆಚ್ಚು ಉಪ್ಪು ಸಿಗುತ್ತದೆ, ಅದು ಹೊರಬಂದು ಇಳಿಯುವ ದ್ರವವನ್ನು ಮತ್ತಷ್ಟು ಸಾಂದ್ರವಾಗಿಸುತ್ತದೆ. ಯಾವುದೇ ಒಂದು ಮಟ್ಟದಲ್ಲಿ ಪಂಪು ಉಂಟುಮಾಡಬಲ್ಲ ವ್ಯತ್ಯಾಸ ಸುಮಾರು 200 ಮಿಲಿಆಸ್ಮೋಲ್ ಮಾತ್ರ. ಆದರೆ ಎರಡು ಹರಿವುಗಳು ಎದುರುಬದುರಾಗಿ ಸಾಗುವುದರಿಂದ ಈ ಚಿಕ್ಕ ವ್ಯತ್ಯಾಸ ಕುಣಿಕೆಯ ಉದ್ದಕ್ಕೂ ಗುಣಿಸುತ್ತಾ ಹೋಗಿ, ಮೂತ್ರಪಿಂಡದ ಹೊರಪದರದಲ್ಲಿ 300 ಇರುವುದು ಮನುಷ್ಯನಲ್ಲಿ ಒಳಗಿನ ತುದಿಯ ಹೊತ್ತಿಗೆ ಸುಮಾರು 1200 ಆಗುತ್ತದೆ. ಆ ಸಾಂದ್ರತೆಗೆ ಯೂರಿಯಾದ ಕೊಡುಗೆಯೂ ದೊಡ್ಡದು. ಕೊನೆಯದಾಗಿ ಮೂತ್ರಸಂಗ್ರಾಹಕ ನಳಿಕೆ ಈ ಉಪ್ಪಿನ ಪ್ರದೇಶದ ನಡುವಿನಿಂದಲೇ ಕೆಳಗಿಳಿಯುತ್ತದೆ. ಅದರ ಗೋಡೆಯಲ್ಲಿ ನೀರಿಗೆ ದಾರಿ ತೆರೆದಿದ್ದರೆ ನೀರು ಹೊರಸೇರಿ ರಕ್ತಕ್ಕೆ ಮರಳುತ್ತದೆ, ಮುಚ್ಚಿದ್ದರೆ ತೆಳುವಾದ ಮೂತ್ರವೇ ಹೊರಬೀಳುತ್ತದೆ. ಇಡೀ ವಿಷಯದಲ್ಲಿ ನನಗೆ ಅತ್ಯಂತ ಸೊಗಸೆನ್ನಿಸುವ ಭಾಗ ಇದು: ನೀರು ಉಳಿಸುವ ಅಂಗದ ಮುಖ್ಯ ಯಂತ್ರ ನೀರನ್ನು ಮುಟ್ಟುವುದೇ ಇಲ್ಲ. ಏರುಭಾಗದ ಉಪ್ಪಿನ ಸಾಗಣೆಯನ್ನು ಫ್ಯುರೊಸೆಮೈಡ್ ಎಂಬ ಔಷಧ ತಡೆದಾಗ ಆ ಉಪ್ಪಿನ ಪ್ರದೇಶವೇ ಕರಗತೊಡಗಿ ಮೂತ್ರ ವಿಪರೀತವಾಗಿ ಹೆಚ್ಚುತ್ತದೆ, ಮೈಯಲ್ಲಿ ನೀರು ತುಂಬಿದ ರೋಗಿಗಳಿಗೆ ವೈದ್ಯರು ಅದನ್ನು ಕೊಡುವುದು ಈ ಕಾರಣಕ್ಕಾಗಿಯೇ.

ದಾರಿ ಯಾವಾಗ ತೆರೆಯಬೇಕೆಂಬ ಆದೇಶ ಮೆದುಳಿನಿಂದ ಬರುತ್ತದೆ. ಮೆದುಳಿನ ತಳದಲ್ಲಿರುವ ಹೈಪೋಥಲಾಮಸ್ ಎಂಬ ಭಾಗದ ವಿಶೇಷ ನರಕೋಶಗಳು ರಕ್ತ ಗಟ್ಟಿಯಾದಾಗ ತಾವೇ ನೀರು ಕಳೆದುಕೊಂಡು ಕುಗ್ಗುತ್ತವೆ, ಆ ಕುಗ್ಗುವಿಕೆಯೇ ಸಂಕೇತ. ಸಾಂದ್ರತೆಯಲ್ಲಿ ಶೇಕಡಾ ಒಂದೆರಡರಷ್ಟು ಏರಿಕೆಯಾದರೂ ಸಾಕು, ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ರಕ್ತಕ್ಕೆ ಬಿಡುಗಡೆಯಾಗುತ್ತದೆ. ಸಂಗ್ರಾಹಕ ನಳಿಕೆಯ ಕೋಶಗಳೊಳಗೆ ಸಣ್ಣ ಚೀಲಗಳಲ್ಲಿ ಕಾದಿರಿಸಿದ ಆಕ್ವಾಪೋರಿನ್‌ಗಳು ಈ ಹಾರ್ಮೋನು ತಲುಪಿದ ಕೆಲವೇ ನಿಮಿಷಗಳಲ್ಲಿ ಪೊರೆಗೆ ಬಂದು ಸೇರಿಕೊಳ್ಳುತ್ತವೆ. ಹಾರ್ಮೋನು ಇಲ್ಲವಾದರೆ, ಅಥವಾ ಮೂತ್ರಪಿಂಡ ಅದಕ್ಕೆ ಓಗೊಡದಿದ್ದರೆ, ದಿನಕ್ಕೆ ಹತ್ತು ಹದಿನೈದು ಲೀಟರಿಗೂ ಮೀರಿ ಮೂತ್ರ ಹೋಗಬಹುದು. ಮದ್ಯಪಾನದ ನಂತರ ಪದೇಪದೇ ಮೂತ್ರಕ್ಕೆ ಹೋಗಬೇಕಾಗುವುದೂ ಮದ್ಯ ಈ ಹಾರ್ಮೋನನ್ನು ತಡೆಯುವುದರಿಂದಲೇ.

ಬಾಯಾರಿಕೆಯನ್ನು ಎಬ್ಬಿಸುವುದೂ ಇದೇ ಪ್ರದೇಶ. ಕುಡಿದ ನೀರು ರಕ್ತ ಸೇರಿ ಅದನ್ನು ತೆಳುವಾಗಿಸಲು ಹತ್ತು ನಿಮಿಷವಾದರೂ ಬೇಕು, ಆದರೆ ದಾಹ ಅಷ್ಟು ಹೊತ್ತು ಕಾಯದೆ ಕುಡಿದ ತುಸು ಹೊತ್ತಿನಲ್ಲೇ ಅಡಗುತ್ತದೆ. ಬಾಯಿ ಮತ್ತು ಗಂಟಲಿನಿಂದ ಹೋಗುವ ಸಂಕೇತಗಳ ಆಧಾರದ ಮೇಲೆ ಮೆದುಳು ಮುಂಗಡ ಲೆಕ್ಕ ಹಾಕಿಬಿಡುತ್ತದೆ. ಸಾಂದ್ರತೆ ಸರಿಯಿದ್ದು ಒಟ್ಟು ಪ್ರಮಾಣವೇ ಇಳಿದಾಗ, ಉದಾಹರಣೆಗೆ ರಕ್ತಸ್ರಾವದಲ್ಲಿ, ಇನ್ನೊಂದು ವ್ಯವಸ್ಥೆ ಮುಂದೆ ಬರುತ್ತದೆ: ಅಲ್ಡೋಸ್ಟೀರಾನ್ ಎಂಬ ಹಾರ್ಮೋನು ಮೂತ್ರಪಿಂಡದಲ್ಲಿ ಸೋಡಿಯಂ ಅನ್ನು ಉಳಿಸುತ್ತದೆ, ಸೋಡಿಯಂ ಉಳಿದಷ್ಟೂ ನೀರು ಉಳಿಯುತ್ತದೆ. ಪ್ರಮಾಣ ಅತಿಯಾದರೆ ಹೃದಯದ ಮೇಲ್ಕೋಣೆಗಳು ಹಿಗ್ಗಿ, ಉಪ್ಪನ್ನು ಹೊರಹಾಕಿಸುವ ಹಾರ್ಮೋನನ್ನು ತಾವೇ ಸ್ರವಿಸುತ್ತವೆ. ಹೃದಯವೂ ಒಂದು ಹಾರ್ಮೋನು ಗ್ರಂಥಿ ಎಂಬುದು 1981ರಲ್ಲಿ ಅಡಾಲ್ಫೋ ಡಿ ಬೋಲ್ಡ್ ಅವರ ಪ್ರಯೋಗಗಳಿಂದ ತಿಳಿಯಿತು.

ಹೆನ್ಲೆಯ ಕುಣಿಕೆ ಸಸ್ತನಿಗಳಲ್ಲಿ ಮತ್ತು ಹಕ್ಕಿಗಳಲ್ಲಿ ಮಾತ್ರ ಇದೆ. ಮರುಭೂಮಿಯ ಸಸ್ತನಿಗಳಲ್ಲಿ ಮೂತ್ರಪಿಂಡದ ಗಾತ್ರಕ್ಕೆ ಹೋಲಿಸಿದರೆ ಅದು ಬಹಳ ಉದ್ದ. ಉತ್ತರ ಅಮೆರಿಕದ ಮರುಭೂಮಿಗಳ ಕಾಂಗರೂ ಇಲಿಯ ಮೂತ್ರ 5000 ಮಿಲಿಆಸ್ಮೋಲ್‌ಗಳನ್ನು ದಾಟುತ್ತದೆ, ಆಸ್ಟ್ರೇಲಿಯದ ಜಿಗಿಯುವ ಇಲಿಯೊಂದರಲ್ಲಿ 9000ಕ್ಕೂ ಮೀರಿದೆ. ಕಾಂಗರೂ ಇಲಿ ಒಣ ಬೀಜಗಳನ್ನೇ ತಿಂದುಕೊಂಡು ಒಂದು ತೊಟ್ಟೂ ನೀರು ಕುಡಿಯದೆ ಬದುಕುತ್ತದೆ. ಈ ಲೆಕ್ಕವನ್ನು ಕ್ನೂಟ್ ಮತ್ತು ಬೋಡಿಲ್ ಶ್ಮಿಟ್-ನೀಲ್ಸನ್ ದಂಪತಿಗಳು ಅಚ್ಚುಕಟ್ಟಾಗಿ ಇಟ್ಟಿದ್ದಾರೆ. ಇಲಿ 100 ಗ್ರಾಂ ಬಾರ್ಲಿಯನ್ನು ತಿಂದು ಅರಗಿಸಿಕೊಂಡಾಗ ಆಹಾರ ದೇಹದಲ್ಲಿ ಉರಿಯುವ ಕ್ರಿಯೆಯಿಂದಲೇ 54 ಗ್ರಾಂ ನೀರು ಹುಟ್ಟುತ್ತದೆ, ಕಾಳಿನ ತೇವದಿಂದ 6 ಗ್ರಾಂ ಸಿಗುತ್ತದೆ, ಒಟ್ಟು 60. ಖರ್ಚಿನ ಕಡೆ ಮೂತ್ರಕ್ಕೆ 13.5, ಮಲಕ್ಕೆ 2.6, ಉಸಿರು ಮತ್ತು ಚರ್ಮದಿಂದ ಆವಿಯಾಗಿ 43.9 ಗ್ರಾಂ ಹೋಗುತ್ತದೆ. ಜಮಾ ಖರ್ಚು ಸರಿಹೊಂದಿತು, ಹೆಚ್ಚು ಉಳಿಯಲೂ ಇಲ್ಲ. ಆವಿಯ ಖರ್ಚು ಇನ್ನಷ್ಟು ಏರದಂತೆ ತಡೆಯುವುದು ಅದರ ಮೂಗು. ಒಣಗಾಳಿ ಒಳಹೋಗುವಾಗ ಮೂಗಿನ ಇಕ್ಕಟ್ಟಾದ ಸಂದುಗಳ ಗೋಡೆಯಿಂದ ತೇವ ಹೀರುವುದರಿಂದ ಆ ಗೋಡೆ ತಣ್ಣಗಾಗುತ್ತದೆ. ಶ್ವಾಸಕೋಶದಿಂದ ಬೆಚ್ಚಗೆ, ಆವಿತುಂಬಿ ಬರುವ ಗಾಳಿ ಹಿಂದಿರುಗುವಾಗ ಅದೇ ತಣ್ಣನೆಯ ಗೋಡೆಗೆ ತಾಗಿ ನೀರನ್ನು ಅಲ್ಲಿಯೇ ಬಿಟ್ಟುಹೋಗುತ್ತದೆ. ಒಣ ಹವೆಯಲ್ಲಿ ಈ ಇಲಿ ಹೊರಬಿಡುವ ಉಸಿರು ಅದು ಎಳೆದುಕೊಂಡ ಗಾಳಿಗಿಂತಲೂ ತಣ್ಣಗಿರುತ್ತದೆ.

ಒಂಟೆಯ ಡುಬ್ಬದಲ್ಲಿ ನೀರಿದೆ ಎಂಬ ನಂಬಿಕೆ ಇನ್ನೂ ಪೂರ್ತಿಯಾಗಿ ಹೋಗಿಲ್ಲ. ಅಲ್ಲಿರುವುದು ಕೊಬ್ಬು. ಕೊಬ್ಬು ಉರಿದರೆ ಒಂದು ಗ್ರಾಮಿಗೆ ಒಂದು ಗ್ರಾಮಿಗೂ ಮಿಕ್ಕಿ ನೀರು ಹುಟ್ಟುತ್ತದೆ ಎಂಬುದು ನಿಜವಾದರೂ, ಅದನ್ನು ಉರಿಸಲು ಬೇಕಾದ ಆಮ್ಲಜನಕಕ್ಕಾಗಿ ಒಣಗಾಳಿಯನ್ನು ಉಸಿರಾಡುವಾಗ ಆ ಲಾಭ ಕೊಚ್ಚಿಹೋಗುತ್ತದೆ. ಒಂಟೆ ನಿಜವಾಗಿ ಗೆಲ್ಲುವುದು ಬೆವರಿನ ಉಳಿತಾಯದಲ್ಲಿ. ನೀರು ಸಿಗದಾಗ ಅದರ ಮೈಬಿಸಿ ಬೆಳಗಿನ ಜಾವ ಸುಮಾರು 34 ಡಿಗ್ರಿಗೆ ಇಳಿದು, ಮಧ್ಯಾಹ್ನದ ಬಿಸಿಲಿನಲ್ಲಿ 40ರ ಮೇಲೆ ಹೋಗುವವರೆಗೆ ಬೆವರು ಹೆಚ್ಚಾಗಿ ಹರಿಯುವುದಿಲ್ಲ. ಹಗಲಿನಲ್ಲಿ ಕೂಡಿಟ್ಟ ಬಿಸಿಯನ್ನು ರಾತ್ರಿಯ ತಂಪಿಗೆ ಬಿಟ್ಟುಬಿಡುತ್ತದೆ. ದೇಹತೂಕದ ಕಾಲುಭಾಗದಷ್ಟು ನೀರು ಕಳೆದುಕೊಂಡರೂ ಅದು ಬದುಕಿರುತ್ತದೆ, ಸಿಕ್ಕಾಗ ಹತ್ತು ನಿಮಿಷದಲ್ಲಿ 100 ಲೀಟರಿನಷ್ಟು ಕುಡಿಯಬಲ್ಲದು. ಅಷ್ಟು ನೀರು ಒಮ್ಮೆಗೇ ಒಳಸೇರಿದಾಗ ಬೇರೆ ಪ್ರಾಣಿಗಳ ರಕ್ತಕಣಗಳು ಒಡೆಯುತ್ತಿದ್ದವು. ಒಂಟೆಯ ಅಂಡಾಕಾರದ ರಕ್ತಕಣಗಳು ಎರಡು ಪಟ್ಟಿಗೂ ಮೀರಿ ಉಬ್ಬಿದರೂ ಬಿರಿಯುವುದಿಲ್ಲ.

ಮನುಷ್ಯ ಸಮುದ್ರದ ನೀರನ್ನು ಕುಡಿದು ಬದುಕಲಾರ. ಒಂದು ಲೀಟರಿನಲ್ಲಿರುವ ಸುಮಾರು 35 ಗ್ರಾಂ ಉಪ್ಪನ್ನು ಹೊರಹಾಕಲು ನಮ್ಮ ಮೂತ್ರಪಿಂಡಕ್ಕೆ ಒಂದೂಕಾಲು ಲೀಟರಿಗೂ ಹೆಚ್ಚು ನೀರು ಬೇಕು. ಕಡಲಹಕ್ಕಿಗಳ ಮೂತ್ರಪಿಂಡ ನಮ್ಮದಕ್ಕಿಂತಲೂ ದುರ್ಬಲ. ಆದರೂ ಅವು ಸಮುದ್ರದ ನೀರನ್ನು ಸಲೀಸಾಗಿ ಕುಡಿಯುತ್ತವೆ, ಏಕೆಂದರೆ ಅವುಗಳ ಕಣ್ಣಿನ ಮೇಲ್ಭಾಗದಲ್ಲಿ ತಲೆಬುರುಡೆಯ ಗುಂಡಿಗಳಲ್ಲಿ ಕೂತ ಒಂದು ಜೊತೆ ಗ್ರಂಥಿಗಳಿವೆ. ಅವು ರಕ್ತದಿಂದ ಉಪ್ಪನ್ನು ತೆಗೆದು ಸುಮಾರು ಶೇಕಡಾ 5ರಷ್ಟು ಸಾಂದ್ರವಾದ ದ್ರಾವಣವಾಗಿ ಮೂಗಿನೊಳಗೆ ಸುರಿಯುತ್ತವೆ. ಅದು ಹೊಳ್ಳೆಗಳಿಂದ ಇಳಿದು ಕೊಕ್ಕಿನ ತುದಿಯಲ್ಲಿ ಹನಿಗಟ್ಟುತ್ತದೆ, ಹಕ್ಕಿ ತಲೆ ಕೊಡವಿ ಅದನ್ನು ಉದುರಿಸುತ್ತದೆ. ಈ ಹನಿಯ ಗುಟ್ಟನ್ನು 1950ರ ದಶಕದ ಕೊನೆಯಲ್ಲಿ ಬಿಡಿಸಿದವರೂ ಕ್ನೂಟ್ ಶ್ಮಿಟ್-ನೀಲ್ಸನ್ ಅವರೇ. ದೇಹತೂಕದ ಹತ್ತನೆಯ ಒಂದು ಭಾಗದಷ್ಟು ಸಮುದ್ರದ ನೀರು ಕುಡಿಸಿದ ಗಲ್ ಹಕ್ಕಿ ಮೂರು ಗಂಟೆಗಳಲ್ಲಿ ಹೆಚ್ಚುಕಡಿಮೆ ಆ ಎಲ್ಲ ಉಪ್ಪನ್ನೂ ಹೊರಹಾಕಿತು. ಕಡಲಾಮೆಗಳಲ್ಲಿ ಇದೇ ಕೆಲಸ ಕಣ್ಣೀರಿನ ಗ್ರಂಥಿಯದು, ಉಪ್ಪುನೀರಿನ ಮೊಸಳೆಯಲ್ಲಿ ನಾಲಗೆಯದು, ಕಡಲ ಹಾವುಗಳಲ್ಲಿ ನಾಲಗೆಯ ಕೆಳಗಿನ ಗ್ರಂಥಿಯದು.

ಕೀಟಗಳ ಗಾತ್ರ ಚಿಕ್ಕದಾದಷ್ಟೂ ಆವಿಯಾಗುವ ಮೈಯ ಪಾಲು ದೊಡ್ಡದಾಗುತ್ತದೆ. ಹೊರಕವಚದ ಮೇಲಿನ ತೆಳುವಾದ ಮೇಣದ ಪದರವೊಂದೇ ಬಹುಪಾಲು ನೀರನ್ನು ಹಿಡಿದಿಟ್ಟಿರುತ್ತದೆ. ಮೂತ್ರಪಿಂಡದ ಕೆಲಸ ಮಾಡುವ ಅವುಗಳ ಮಾಲ್ಪೀಗಿ ನಳಿಕೆಗಳಲ್ಲಿ ಒತ್ತಡದಿಂದ ಸೋಸುವ ಏರ್ಪಾಡೇ ಇಲ್ಲ: ಪೊಟ್ಯಾಸಿಯಂ ಅನ್ನು ನಳಿಕೆಯೊಳಕ್ಕೆ ಸಾಗಿಸಲಾಗುತ್ತದೆ, ನೀರು ಹಿಂಬಾಲಿಸುತ್ತದೆ, ಮೂತ್ರವಾಗುತ್ತದೆ, ಬೇಕಾದ ನೀರನ್ನು ಮಲಾಶಯ ಮರಳಿ ಪಡೆಯುತ್ತದೆ. ಹಿಟ್ಟಿನ ಹುಳುಗಳಲ್ಲಿ ಈ ನಳಿಕೆಗಳ ತುದಿ ಮಲಾಶಯಕ್ಕೆ ಅಂಟಿಕೊಂಡಿದ್ದು, ಪೊಟ್ಯಾಸಿಯಂ ಕ್ಲೋರೈಡಿನ ಸಾಂದ್ರತೆ ಅಲ್ಲಿ ಎಷ್ಟಿರುತ್ತದೆಯೆಂದರೆ ಹಿಕ್ಕೆ ಪೂರ್ತಿ ಒಣಗುವುದಷ್ಟೇ ಅಲ್ಲದೆ, ತೇವವಿರುವ ಗಾಳಿಯಿಂದಲೂ ಹುಳು ನೀರನ್ನು ಹೀರಿಕೊಳ್ಳಬಲ್ಲದು. ರಕ್ತ ಹೀರುವ ಕೀಟಗಳದು ಇದಕ್ಕೆ ವಿರುದ್ಧವಾದ ತೊಂದರೆ. ದಕ್ಷಿಣ ಅಮೆರಿಕದ ರೋಡ್ನಿಯಸ್ ತಿಗಣೆ ಒಂದೇ ಊಟದಲ್ಲಿ ತನ್ನ ತೂಕದ ಹತ್ತು ಪಟ್ಟಿನವರೆಗೆ ರಕ್ತ ಹೀರಬಲ್ಲದು. ಹೀರುವಾಗಲೇ ಮೂತ್ರವರ್ಧಕ ಹಾರ್ಮೋನು ಬಿಡುಗಡೆಯಾಗಿ, ಬೇಡದ ನೀರು ಮತ್ತು ಉಪ್ಪು ಕೆಲವು ನಿಮಿಷಗಳಲ್ಲೇ ಹೊರಹೋಗಲು ತೊಡಗುತ್ತದೆ.

ಕಪ್ಪೆಗಳು ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಭಾಗದ ತೆಳುಚರ್ಮವನ್ನು ಒದ್ದೆ ನೆಲಕ್ಕೆ ಒತ್ತಿ ಹೀರಿಕೊಳ್ಳುತ್ತವೆ. ಆಸ್ಟ್ರೇಲಿಯದ ಒಣಪ್ರದೇಶದ ಕಪ್ಪೆಯೊಂದು ಮೂತ್ರಕೋಶದ ತುಂಬ ತೆಳುನೀರು ತುಂಬಿಕೊಂಡು ಮಣ್ಣಿನೊಳಗೆ ಹುದುಗಿ, ಕಳಚಿದ ಚರ್ಮದ ಪದರಗಳನ್ನೇ ಗೂಡಾಗಿಸಿಕೊಂಡು ಮುಂದಿನ ಮಳೆಯವರೆಗೆ ಕಾಯುತ್ತದೆ.

ಕೆಲವು ಪ್ರಾಣಿಗಳು ನೀರನ್ನು ಉಳಿಸಿಕೊಳ್ಳುವ ಪ್ರಯತ್ನವನ್ನೇ ಬಿಟ್ಟುಕೊಡುತ್ತವೆ. ಆಫ್ರಿಕದ ಬಂಡೆಗಳ ಮೇಲಿನ ಮಳೆಗುಂಡಿಗಳಲ್ಲಿ ಬೆಳೆಯುವ ಪಾಲಿಪೆಡಿಲಂ ಎಂಬ ನುಸಿಯ ಮರಿ, ಗುಂಡಿ ಬತ್ತಿದಾಗ ತಾನೂ ಒಣಗಿ, ಮೈಯಲ್ಲಿ ಶೇಕಡಾ 3ರಷ್ಟು ಮಾತ್ರ ನೀರುಳಿದ ಸ್ಥಿತಿಯಲ್ಲಿ ವರ್ಷಗಟ್ಟಲೆ ಇರಬಲ್ಲದು. ನಿಧಾನವಾಗಿ ಒಣಗುವ ಆ ಒಂದೆರಡು ದಿನಗಳಲ್ಲಿ ಅದು ಟ್ರೆಹಲೋಸ್ ಎಂಬ ಸಕ್ಕರೆಯನ್ನು ತನ್ನ ಒಣತೂಕದ ಐದನೆಯ ಒಂದು ಭಾಗದವರೆಗೆ ತಯಾರಿಸಿಕೊಳ್ಳುತ್ತದೆ. ನೀರು ಹೋದ ಜಾಗದಲ್ಲಿ ಆ ಸಕ್ಕರೆ ನಿಂತು ಪೊರೆಗಳನ್ನೂ ಪ್ರೋಟೀನುಗಳನ್ನೂ ಕೆಡದಂತೆ ಹಿಡಿದಿಡುತ್ತದೆ. ಮಳೆ ಬಿದ್ದರೆ ಸುಮಾರು ಒಂದು ಗಂಟೆಯೊಳಗೆ ಮರಿ ಮತ್ತೆ ಚಲಿಸತೊಡಗುತ್ತದೆ. ತೀರ ಬೇಗನೆ ಒಣಗಿಸಿದ ಮರಿಗೆ ಅಷ್ಟು ಸಕ್ಕರೆ ತಯಾರಿಸಲು ಸಮಯ ಸಿಗದ ಕಾರಣ ಅದು ನೀರು ಹಾಕಿದರೂ ಏಳುವುದಿಲ್ಲ.